ಮನ್ನಿಸುವುದು ಎಂಬ ಮಾತು

(ಬಾನುಲಿ ಭಾಷಣ)



ಕ್ಷಮೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ಒಪ್ಪಿಕೊಳ್ಳಲು ನಾನು ಒಂದು ವಾರ ತೆಗೆದುಕೊಂಡೆ. ಬಿಡುವಿರಲಿಲ್ಲವೆಂದಲ್ಲ, ನಿವೃತ್ತನಾದ ಮೇಷ್ಟರಿಗೆ ಬಿಡುವಿಗೇನು ಕೊರತೆ? ಕ್ಷಮೆಯ ವಿಚಾರವಾಗಿ ಮಾತನಾಡುವವನು, ತನಗೆ ಅರಿವಿಲ್ಲದೆಯೇ, ತಾನು ಬಹಳ ಕ್ಷಮಾಶೀಲನೆಂಬ ವೇಷವನ್ನು ಹಾಕಿಕೊಂಡುಬಿಡುತ್ತಾನೆ. ಆ ವೇಷ ನನಗೆ ಒಪ್ಪುವುದಿಲ್ಲವೆಂಬುದು ನನಗೆ ಗೊತ್ತು. ಕೊನೆಗೆ ಒಪ್ಪಿಕೊಂಡದ್ದು ಏಕೆಂದರೆ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನನ್ನೊಳಗೆ ಇಟ್ಟುಕೊಂಡಿದ್ದ ಒಂದು ತಪ್ಪಿನ ಲೆಕ್ಕವನ್ನು ಎಲ್ಲಿಯಾದರೂ ಒಮ್ಮೆ ಬಾಯಿ ಬಿಟ್ಟು ಹೇಳಬೇಕಾಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಕನ್ನಡ ಪಾಠ ಹೇಳಿ ಬದುಕಿದವನಾದ್ದರಿಂದ ಪದದಿಂದ ಹೊರಡುವುದು ನನ್ನ ಅಭ್ಯಾಸ. 'ಕ್ಷಮೆ' ಸಂಸ್ಕೃತದ ಮಾತು. ಅದರ ಧಾತುವಿಗೆ ಸಹಿಸು, ತಾಳು ಎಂದು ಅರ್ಥ. ಎಲ್ಲರ ತುಳಿತವನ್ನೂ ತಾಳಿಕೊಂಡಿರುವ ಭೂಮಿಗೂ ಕ್ಷಮೆ ಎಂಬ ಹೆಸರುಂಟು. ಇದು ನಿಮಗೆಲ್ಲ ತಿಳಿದದ್ದೇ. ಆದರೆ ಅದೇ ಧಾತುವಿಗೆ ಶಕ್ತನಾಗು, ಸಮರ್ಥನಾಗು ಎಂಬ ಇನ್ನೊಂದು ಅರ್ಥವೂ ಇರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸರ್ಕಾರಿ ಕಾಗದಗಳಲ್ಲಿ 'ಸಕ್ಷಮ ಪ್ರಾಧಿಕಾರ' ಎಂದು ಬರೆಯುತ್ತಾರಲ್ಲ, ಆ ಕ್ಷಮವೂ ಈ ಕ್ಷಮೆಯೂ ಒಂದೇ ಬಳ್ಳಿಯ ಕಾಯಿಗಳು. ನಮ್ಮ 'ಮನ್ನಿಸು' ಇನ್ನೂ ಸ್ವಾರಸ್ಯವಾದ ಪದ. ಹಳಗನ್ನಡದಲ್ಲಿ ಮನ್ನಿಸುವುದೆಂದರೆ ಗೌರವಿಸುವುದು, ಮನ್ನಣೆಯೆಂದರೆ ಮರ್ಯಾದೆ. ಅದೇ ಮಾತು 'ತಪ್ಪನ್ನು ಮನ್ನಿಸು' ಎನ್ನುವಲ್ಲಿ ಕ್ಷಮಿಸುವುದೂ ಆಯಿತು. ತಪ್ಪು ಮಾಡಿದವನಿಗೆ ಅವನ ಮರ್ಯಾದೆಯನ್ನು ಹಿಂದಕ್ಕೆ ಕೊಡುವುದೇ ಕ್ಷಮೆಯೆಂದು ಈ ಪದವನ್ನು ಬಳಸುತ್ತ ಬಂದವರಿಗೆ ತೋರಿದ್ದಿರಬೇಕು.

ಮೂರನೆಯದು ಮನೆಮಾತು: 'ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.' ನನ್ನ ತಾಯಿ ಈ ಮಾತನ್ನು ದೇವರ ಮುಂದೆಯೂ ಆಡುತ್ತಿದ್ದರು, ಬೀಗರ ಮುಂದೆಯೂ ಆಡುತ್ತಿದ್ದರು. ಕ್ಷಮೆ, ಮನ್ನಣೆಗಳಿಗಿಂತ ಇದು ನಿಜಕ್ಕೆ ಹತ್ತಿರವಾದ ಮಾತೆಂದು ನನಗೆ ತೋರುತ್ತದೆ. ಹೊಟ್ಟೆಗೆ ಹಾಕಿಕೊಂಡದ್ದು ಅರಗಬಹುದು, ಅರಗದೆ ವಿಷವಾಗಲೂಬಹುದು. ನುಂಗಿದ್ದೆಲ್ಲ ಅರಗಿತೆಂದು ತಿಳಿಯುವಂತಿಲ್ಲ.

ನುಂಗಿ ಅರಗಿಸಿಕೊಳ್ಳಲಾರದೆ ಹೋದವನ ಕಥೆಯನ್ನು ನಮಗೆ ಹೇಳಿದವನು ಜನ್ನ. 1209ರಲ್ಲಿ ಅವನು ಬರೆದ 'ಯಶೋಧರ ಚರಿತೆ'ಯನ್ನು ನಾನು ಹಲವು ತಂಡಗಳಿಗೆ ಪಾಠ ಹೇಳಿದ್ದೇನೆ. ಉಜ್ಜಯಿನಿಯ ಅರಸ ಯಶೋಧರ. ಅವನ ಪಟ್ಟದರಸಿ ಅಮೃತಮತಿ, ಒಬ್ಬ ಮಾವುತನ ಹಾಡಿಗೆ ಮನಸೋಲುತ್ತಾಳೆ. ಒಂದು ರಾತ್ರಿ ಅರಸ ಅವಳ ಹಿಂದೆಯೇ ಹೋಗಿ ಎಲ್ಲವನ್ನೂ ಕಣ್ಣಾರೆ ನೋಡುತ್ತಾನೆ. ಇಬ್ಬರನ್ನೂ ಕತ್ತರಿಸಲು ಕತ್ತಿ ಎತ್ತಿದವನು, ತಡೆದುಕೊಂಡು ಹಿಂದಿರುಗಿ ಬಂದು ಮಲಗುತ್ತಾನೆ. ಇಲ್ಲಿಗೆ ನಿಲ್ಲಿಸಿದರೆ ಇದು ಕ್ಷಮೆಯ ಕಥೆ. ನನ್ನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇಲ್ಲಿಗೆ ನಿಲ್ಲಿಸಿ 'ಯಶೋಧರನ ಔದಾರ್ಯ' ಎಂದು ಪರೀಕ್ಷೆಯಲ್ಲಿ ಬರೆಯುತ್ತಿದ್ದರು.

ಜನ್ನ ಅಲ್ಲಿಗೆ ನಿಲ್ಲಿಸುವುದಿಲ್ಲ. ಬೆಳಗಾದ ಮೇಲೆ ಅರಸ ಸರಸದ ನೆಪದಲ್ಲಿ ರಾಣಿಯನ್ನು ಒಂದು ನೈದಿಲೆಯ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ. ಹೂವಿನ ಏಟಿಗೇ ಪ್ರಾಣ ಹೋಗುವುದರಲ್ಲಿತ್ತಲ್ಲ ಎಂದು ಅರಸ ಚುಚ್ಚಿ ನುಡಿಯುತ್ತಾನೆ. ರಾತ್ರಿ ಕತ್ತಿಯನ್ನು ಹಿಂದಕ್ಕೆ ತೆಗೆದುಕೊಂಡ ಕೈ, ಬೆಳಿಗ್ಗೆ ಹೂವಿನಿಂದ ಹೊಡೆಯಿತು. ಸಿಟ್ಟು ಹೋಗಿರಲಿಲ್ಲ, ಆಯುಧ ಬದಲಾಗಿತ್ತು, ಅಷ್ಟೆ. ರಾಣಿಗೆ ಗುಟ್ಟು ಬಯಲಾದದ್ದು ಗೊತ್ತಾಗುತ್ತದೆ. ಅರಸನಾದರೋ ತಾನು ಕಂಡದ್ದನ್ನು ಇದ್ದಂತೆ ಯಾರಿಗೂ ಹೇಳಲಾರ. ತಾಯಿ ಚಂದ್ರಮತಿಯೆದುರು ಅದನ್ನು ಒಂದು ಕೆಟ್ಟ ಕನಸೆಂದು ಮರೆಸಿ ಹೇಳುತ್ತಾನೆ. ಕನಸಿನ ದೋಷ ಕಳೆಯಲು ಬಲಿಯಾಗಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವಬಲಿಗೆ ಒಪ್ಪದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ರಾಣಿಯ ಕೈಯಿಂದ ವಿಷ, ತಾಯಿಗೂ ಮಗನಿಗೂ ಒಟ್ಟಿಗೆ ಸಾವು, ಪ್ರಾಣಿಜನ್ಮಗಳ ಸರಪಳಿ. ಈ ಕಾವ್ಯ ಸಂಕಲ್ಪಹಿಂಸೆಯ ಪರಿಣಾಮವನ್ನು ತೋರಿಸುತ್ತದೆಂದು ನಾವು ಪಾಠ ಹೇಳುತ್ತೇವೆ, ಅದು ಸರಿಯೇ. ಆದರೆ ವಯಸ್ಸಾದಂತೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ನೈದಿಲೆ. ನಮ್ಮ ಸಂಸಾರಗಳಲ್ಲಿ, ಕಚೇರಿಗಳಲ್ಲಿ, 'ಅದನ್ನು ನಾನು ಆಗಲೇ ಮರೆತೆ' ಎಂದು ಹೇಳಿ, ಮರುಕ್ಷಣವೇ ನಗುನಗುತ್ತ ಎಸೆಯುವ ಒಂದು ಮಾತುಂಟಲ್ಲ, ಅದು ಆ ಹೂವೇ.

ಕ್ಷಮಿಸುವುದಕ್ಕೆ ಶಕ್ತಿ ಬೇಕೆಂದೆ. ಈ ಮಾತನ್ನು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತವಳು ದ್ರೌಪದಿ. ವನಪರ್ವದಲ್ಲಿ ಅವಳಿಗೂ ಧರ್ಮರಾಯನಿಗೂ ಇದೇ ವಿಚಾರವಾಗಿ ದೊಡ್ಡ ವಾದ ನಡೆಯುತ್ತದೆ. ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ ನೀತಿಯನ್ನು ಅವಳು ಗಂಡನಿಗೆ ನೆನಪು ಮಾಡಿಕೊಡುತ್ತಾಳೆ: ಸದಾ ಕಠಿಣನಾಗಿರುವುದೂ ಒಳ್ಳೆಯದಲ್ಲ, ಸದಾ ಕ್ಷಮಿಸುತ್ತಿರುವುದೂ ಒಳ್ಳೆಯದಲ್ಲ, ತಿಳಿಯದೆ ಮಾಡಿದ್ದನ್ನು ಮನ್ನಿಸಬೇಕು, ಮೊದಲ ತಪ್ಪನ್ನು ಯಾರದಾದರೂ ಮನ್ನಿಸಬೇಕು, ಬೇಕೆಂದೇ ಮತ್ತೆ ಮಾಡಿದ್ದನ್ನಲ್ಲ. ಧರ್ಮರಾಯ ಉತ್ತರವಾಗಿ ಕ್ಷಮೆಯನ್ನು ಬಹುವಾಗಿ ಹೊಗಳುತ್ತಾನೆ. ಹೊಗಳಿಕೆಯೇನೋ ಚೆನ್ನಾಗಿದೆ. ಆದರೆ ಸಭೆಯಲ್ಲಿ ಎಳೆಸಿಕೊಂಡವಳು ಅವಳು, ಅವನಲ್ಲ. ಅನ್ಯಾಯಕ್ಕೆ ಒಳಗಾದವರಿಗೆ ಪಕ್ಕದಲ್ಲಿ ನಿಂತವರು ಕ್ಷಮೆಯ ಉಪದೇಶ ಮಾಡುವುದು ನಮ್ಮಲ್ಲಿ ಬಹಳ ಹಳೆಯ ಚಾಳಿ. ಅದರಲ್ಲೂ ಮನೆಯ ಹೆಣ್ಣುಮಕ್ಕಳಿಗೆ. ಈ ವಾದದಲ್ಲಿ ನಾನು ದ್ರೌಪದಿಯ ಕಡೆ.

ಇನ್ನು ನನ್ನ ಲೆಕ್ಕ.

1991ರ ಮಾತು. ನಾನು ಆಗ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ, ಮೂವತ್ತು ತುಂಬಿತ್ತಷ್ಟೆ. ಎರಡನೆಯ ಬಿ.ಎ. ತರಗತಿಗೆ ರನ್ನನ 'ಗದಾಯುದ್ಧ'ದ ಮೇಲೆ ಒಂದು ಪ್ರಬಂಧ ಬರೆದು ತರಲು ಹೇಳಿದ್ದೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದ, ಹಿಂದಿನ ಬೆಂಚಿನ ಒಬ್ಬ ಹುಡುಗ, ಮಾತೇ ಆಡದವನು, ಏಳು ಪುಟ ಬರೆದು ತಂದ. ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುವ ದುರ್ಯೋಧನ ಅಭಿಮನ್ಯುವಿನ ಶವದೆದುರು ನಿಂತು, ಶತ್ರುವಿನ ಮಗನೆಂಬುದನ್ನು ಮರೆತು, ಆ ಬಾಲಕನ ಪರಾಕ್ರಮವನ್ನು ಹೊಗಳಿ ಕೈಮುಗಿಯುವ ಸಂದರ್ಭವುಂಟಲ್ಲ, ಅದರ ಮೇಲೆಯೇ ಪ್ರಬಂಧವೆಲ್ಲ. ಬದುಕಿದ್ದವರಿಗೆ ಸೂಜಿಯ ಮೊನೆಯಷ್ಟು ನೆಲ ಕೊಡಲಾರದವನು ಸತ್ತವನಿಗೆ ಇಷ್ಟು ಗೌರವ ಹೇಗೆ ಕೊಟ್ಟ ಎಂದು ಹುಡುಗ ಪ್ರಶ್ನೆ ಕೇಳಿ, ಸತ್ತವರನ್ನು ಮನ್ನಿಸುವುದಕ್ಕೆ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ ಎಂಬ ಅರ್ಥದ ಒಂದು ಮಾತು ಬರೆದಿದ್ದ.

ಅದನ್ನು ಓದಿ ನನಗೆ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ. ಅಂಥ ಮಾತು ನನಗೆ ಹೊಳೆದಿರಲಿಲ್ಲ ಎಂಬುದು ಈಗ ನಾನು ಕೊಡಬಹುದಾದ ಕಾರಣ. ಆಗ ನನಗೆ ನಾನು ಕೊಟ್ಟುಕೊಂಡ ಕಾರಣ, ಇದು ಎಲ್ಲಿಂದಲೋ ಎತ್ತಿದ್ದು ಎಂಬುದು. ತರಗತಿಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, ಎರಡು ವಾಕ್ಯ ಓದಿ, "ಇದು ಯಾವ ವಿದ್ವಾಂಸರ ಪುಸ್ತಕ? ಹೆಸರು ಹೇಳಿದರೆ ನಾವೂ ತಂದು ಓದುತ್ತೇವೆ" ಎಂದೆ. ತರಗತಿ ನಕ್ಕಿತು. ಅವನು "ನಾನೇ ಬರೆದದ್ದು ಸಾರ್" ಎಂದ. "ಕಾಗುಣಿತ ಮಾತ್ರ ನಿನ್ನದು ಕಣಯ್ಯ" ಎಂದೆ. ಮತ್ತೆ ನಗು. ಚೆನ್ನಾಗಿ ಮಾತನಾಡುತ್ತೇನೆಂಬ ಹೆಸರು ನನಗಿತ್ತು. ಕೆಲವು ವಾರಗಳಲ್ಲಿ ಆ ಹುಡುಗ ಕಾಲೇಜಿಗೆ ಬರುವುದನ್ನು ನಿಲ್ಲಿಸಿದ. ಪ್ರಬಂಧ ನನ್ನಲ್ಲಿಯೇ ಉಳಿಯಿತು.

ಅದರ ಮೂಲವನ್ನು ನಾನು ಹುಡುಕಿದೆ. ಒಪ್ಪಿಕೊಳ್ಳಬೇಕಾದ ಮಾತೆಂದರೆ, ಹುಡುಗನಿಗೆ ನ್ಯಾಯ ದೊರಕಿಸಲೆಂದು ಹುಡುಕಿದ್ದಲ್ಲ. ನಾನು ಸರಿಯೆಂದು ತೋರಿಸಿಕೊಳ್ಳಲು ಹುಡುಕಿದ್ದು. ರನ್ನನ ಮೇಲೆ ನನ್ನ ಕೈಗೆ ಸಿಕ್ಕಿದ ವಿಮರ್ಶೆಯನ್ನೆಲ್ಲ ನೋಡಿದೆ. ಎಲ್ಲಿಯೂ ಇರಲಿಲ್ಲ. ಒಂದೆರಡು ವರ್ಷವಾದ ಮೇಲೆ ಹುಡುಕುವುದನ್ನು ನಿಲ್ಲಿಸಿದೆ, ಏಕೆಂದರೆ ಆ ವೇಳೆಗೆ ನನಗೆ ಗೊತ್ತಾಗಿತ್ತು.

ಆಮೇಲಿನ ಇಪ್ಪತ್ತು ವರ್ಷ ನಾನು ಪಶ್ಚಾತ್ತಾಪಪಟ್ಟೆನೆ? ಪಟ್ಟೆನೆಂದು ನಂಬಿದ್ದೆ. ಒಬ್ಬ ಪ್ರತಿಭಾವಂತನ ಬಾಳನ್ನು ಹಾಳುಮಾಡಿದೆನೆಂದು ರಾತ್ರಿ ಎಚ್ಚರವಾದಾಗ ಅಂದುಕೊಳ್ಳುತ್ತಿದ್ದೆ. ಹೆಂಡತಿಗೆ ಹೇಳಿದ್ದೆ; ಆತ್ಮೀಯ ಸಹೋದ್ಯೋಗಿಗಳಿಬ್ಬರಿಗೆ ಹೇಳಿದ್ದೆ. ಅವರು "ಇಷ್ಟು ನೊಂದುಕೊಳ್ಳುತ್ತೀರಲ್ಲ, ನಿಮ್ಮದು ದೊಡ್ಡ ಮನಸ್ಸು" ಎಂದರು. ಆ ಮಾತು ಹಿತವಾಗಿಯೇ ಇತ್ತು. ಆ ಹುಡುಗನ ಊರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಒಮ್ಮೆಯೂ ಹೋಗಲಿಲ್ಲ.

ಅವನು ಸಿಕ್ಕಿದ್ದು 2014ರಲ್ಲಿ, ನಾನು ಹುಡುಕಿಕೊಂಡು ಹೋದದ್ದರಿಂದಲ್ಲ. ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಹೋದ ಊರಿನಲ್ಲಿ ಅವನ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇತ್ತು. ಗುರುತು ಹಿಡಿದವನು ಅವನೇ. ಅಂಗಡಿಯಿಂದ ಇಳಿದು ಬಂದು ಕಾಲು ಮುಟ್ಟಿ ನಮಸ್ಕರಿಸಿ, ಕುರ್ಚಿ ಹಾಕಿಸಿದ, ಎಳನೀರು ತರಿಸಿದ. ನಾನು "ನೀವು" ಎಂದು ಮಾತು ಶುರುಮಾಡಿದೆ. "ನೀವು ಅನ್ನಬೇಡಿ ಸಾರ್" ಎಂದ. ಹೇಗೋ ಧೈರ್ಯ ಮಾಡಿ ಆ ದಿನದ ಮಾತು ಎತ್ತಿದೆ. ತಪ್ಪಾಯಿತು, ನಿನ್ನ ಓದು ನನ್ನಿಂದ ನಿಂತುಹೋಯಿತು ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಓದು ನಿಂತದ್ದು ನಿಮ್ಮಿಂದಲ್ಲ ಸಾರ್. ಆ ವರ್ಷ ನಮ್ಮಪ್ಪ ಹೋಗಿಬಿಟ್ಟರು. ಹೊಲ ನೋಡಿಕೊಳ್ಳುವವರು ಇರಲಿಲ್ಲ" ಎಂದ.

ಮಿತ್ರರೆ, ಆ ಕ್ಷಣ ನನ್ನ ಎದೆಯ ಮೇಲಿಂದ ಭಾರ ಇಳಿದಂತಾಯಿತು. ಅದರ ಜೊತೆಗೆ ಇನ್ನೊಂದು ಭಾವವೂ ಬಂತು, ಹೇಳಲು ನಾಚಿಕೆಯಾಗುತ್ತದೆ: ಒಂದು ಬಗೆಯ ನಿರಾಶೆ. ಇಷ್ಟು ವರ್ಷ ಅವನ ಬಾಳಿನಲ್ಲಿ ನಾನು ಅಷ್ಟು ದೊಡ್ಡವನೆಂದು ತಿಳಿದಿದ್ದೆ!

ಅಷ್ಟರಲ್ಲಿ ಅವನು ಮುಂದುವರಿಸಿದ. "ಆದರೆ ಆಮೇಲೆ ನಾನು ಏನೂ ಬರೆಯಲಿಲ್ಲ ಸಾರ್. ಅದಕ್ಕೆ ಮುಂಚೆ ಬರೆಯುತ್ತಿದ್ದೆ, ಎರಡು ನೋಟುಬುಕ್ಕು ತುಂಬಿತ್ತು. ಹೊಲದ ಕೆಲಸಕ್ಕೂ ಬರೆಯುವುದಕ್ಕೂ ವಿರೋಧ ಏನಿತ್ತು? ರಾತ್ರಿ ಬರೆಯಬಹುದಿತ್ತು. ಕೂತರೆ ನಗು ಕೇಳಿಸುತ್ತಿತ್ತು." ಸಿಟ್ಟಿನಿಂದ ಹೇಳಿದ್ದಲ್ಲ. ಬೀಜದ ಬೆಲೆ ಹೇಳುವಂತೆ ಹೇಳಿದ. ಯಾರೋ ಗಿರಾಕಿ ಬಂದರು. ಎದ್ದು ಹೋಗಿ ಯೂರಿಯಾ ಚೀಲ ಕೊಟ್ಟು, ಚಿಲ್ಲರೆ ಎಣಿಸಿ, ಮತ್ತೆ ಬಂದು ಕುಳಿತು, "ಊಟ ಮಾಡಿಕೊಂಡು ಹೋಗಬೇಕು ಸಾರ್" ಎಂದ. ಕ್ಷಮಿಸಿದ್ದೇನೆಂದು ಅವನು ಹೇಳಲಿಲ್ಲ, ಕ್ಷಮಿಸಲಿಲ್ಲವೆಂದೂ ಹೇಳಲಿಲ್ಲ.

ಇಪ್ಪತ್ತಮೂರು ವರ್ಷ ನಾನು ಹೊತ್ತುಕೊಂಡಿದ್ದ ತಪ್ಪು ನಾನು ಮಾಡಿದ ತಪ್ಪಾಗಿರಲಿಲ್ಲ. ಮಾಡಿದ ತಪ್ಪು ಏನೆಂದು ನನಗೆ ಗೊತ್ತೇ ಇರಲಿಲ್ಲ. ಅದು ನಾನು ಕಲ್ಪಿಸಿಕೊಂಡದ್ದಕ್ಕಿಂತ ಒಂದು ಕಡೆ ಚಿಕ್ಕದು, ಇನ್ನೊಂದು ಕಡೆ ದೊಡ್ಡದು. ಅದರ ಅಳತೆ ಇದ್ದದ್ದು ಅವನ ಹತ್ತಿರ. ಅವನನ್ನು ಕೇಳದೆ ನಾನು ನನ್ನನ್ನು ಶಿಕ್ಷಿಸಿಕೊಂಡದ್ದೂ ಸುಳ್ಳು. ಕೇಳದೆ ಕ್ಷಮಿಸಿಕೊಂಡಿದ್ದರೆ ಅದೂ ಸುಳ್ಳಾಗುತ್ತಿತ್ತು.

ಊರಿಗೆ ಬಂದ ಮೇಲೆ, ನೂರು ಸಲ ಓದಿದ್ದ ಒಂದು ಕಥೆ ನನಗೆ ಬೇರೆಯಾಗಿ ಕಾಣಿಸಿತು. ಬಾಹುಬಲಿಯ ಕಥೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ಅಣ್ಣ ಭರತನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸದೆ ಬಿಟ್ಟ. ಅಣ್ಣ ಪ್ರಯೋಗಿಸಿದ ಚಕ್ರ ಅವನಿಗೆ ಏನನ್ನೂ ಮಾಡಲಿಲ್ಲ. ರಾಜ್ಯವನ್ನು ಅವನಿಗೇ ಬಿಟ್ಟುಕೊಟ್ಟು ತಪಸ್ಸಿಗೆ ನಿಂತ. ಕಾಲಿಗೆ ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ವರ್ಷವಾಯಿತು, ಕೇವಲಜ್ಞಾನ ಬರಲಿಲ್ಲ. ಏಕೆ? ತಾನು ನಿಂತಿರುವುದು ಅಣ್ಣನ ನೆಲದ ಮೇಲೆ ಎಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ನಮ್ಮಲ್ಲಿ ರೂಢಿಯಾಗಿ ಹೇಳುತ್ತಾರೆ. ಅದು ಅಭಿಮಾನದ ಮುಳ್ಳು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತದ ಆದಿಪುರಾಣದಲ್ಲಿ ಬೇರೊಂದು ಕಾರಣವನ್ನು ಹೇಳಿದ್ದಾರೆ: ನನ್ನಿಂದ ಭರತನಿಗೆ ನೋವಾಯಿತಲ್ಲ ಎಂಬುದು ಅವನ ಹೃದಯದಲ್ಲಿ ಉಳಿದಿತ್ತು. ಒಂದು ಹೇಳಿಕೆಯಲ್ಲಿ ಅಹಂಕಾರ, ಇನ್ನೊಂದರಲ್ಲಿ ಅನುತಾಪ. ಇವೆರಡರಲ್ಲಿ ಯಾವುದು ಸರಿಯೆಂದು ನಾನು ಹಿಂದೆ ತರಗತಿಯಲ್ಲಿ ಚರ್ಚೆ ಮಾಡಿಸುತ್ತಿದ್ದೆ. ಆ ಅಂಗಡಿಯ ಕುರ್ಚಿಯ ಮೇಲೆ ಕುಳಿತು ಬಂದ ಮೇಲೆ, ಇವೆರಡೂ ಅಷ್ಟೇನೂ ದೂರದ ನೆಂಟರಲ್ಲವೆಂದು ತೋರಿತು. 'ನನ್ನಿಂದ' ಎಂಬ ಮಾತಿನಲ್ಲಿ ನೋವೂ ಇದೆ, 'ನಾನೂ' ಇದೆ.

ಆ ಮುಳ್ಳು ಹೋದದ್ದು ಹೇಗೆ? ತಪಸ್ಸನ್ನು ಇನ್ನೂ ಉಗ್ರಗೊಳಿಸಿದ್ದರಿಂದ ಅಲ್ಲ. ಭರತ ಬಂದ; ಬಂದು ತಮ್ಮನನ್ನು ಪೂಜಿಸಿದ. ನೋವುಂಡವನು ತಾನೇ ಎದುರಿಗೆ ಬಂದು ನಿಂತ ಮೇಲೆ ಅದು ಕಳಚಿತು. ಶ್ರವಣಬೆಳಗೊಳದ ಸುಮಾರು 58 ಅಡಿಯ ಆ ಮೂರ್ತಿಯನ್ನು ನಾನು ಅನೇಕ ಸಲ ನೋಡಿದ್ದೇನೆ. ಒಂಟಿಯಾಗಿ ನಿಂತವನ ಶಿಲ್ಪವೆಂದೇ ತಿಳಿದಿದ್ದೆ. ಕಳೆದ ಸಲ ಹೋದಾಗ, ಅವನು ಯಾರನ್ನೋ ಕಾಯುತ್ತ ನಿಂತಿದ್ದಾನೆ ಎನ್ನಿಸಿತು. ಇದು ಶಾಸ್ತ್ರದ ಮಾತಲ್ಲ. ಮೆಟ್ಟಿಲು ಹತ್ತಿ ದಣಿದ ಮುದುಕನ ಮಾತು.

ಇನ್ನೊಂದು ಕಥೆಯನ್ನೂ ಇಲ್ಲಿ ನೆನೆಯದೆ ಇರಲಾರೆ. ಗೋವಿನ ಹಾಡಿನ ಹುಲಿ. ಪುಣ್ಯಕೋಟಿ ಮಾತಿಗೆ ತಪ್ಪದೆ ಬಂದು ನಿಂತಾಗ ಹುಲಿಗೆ ತನ್ನ ಮೇಲೆಯೇ ಹೇಸಿಗೆಯಾಗಿ, ಹಾರಿ ಬಿದ್ದು ಪ್ರಾಣ ಬಿಡುತ್ತದೆ. ಚಿಕ್ಕಂದಿನಲ್ಲಿ ಹಸುವಿಗಾಗಿ ಅಳುತ್ತಿದ್ದೆ, ಆಮೇಲೆ ಹುಲಿಗಾಗಿ ಅತ್ತೆ. ಈಗ ಆ ಹುಲಿಯ ಮೇಲೆ ಸ್ವಲ್ಪ ಅಸಮಾಧಾನವೂ ಉಂಟು. ಸಾಯದೆ ಉಳಿದಿದ್ದರೆ ಅದು ಮಾರನೆಯ ದಿನ ಮತ್ತೆ ಹಸಿಯಬೇಕಾಗಿತ್ತು. ಅದೇ ಕಾಡಿನಲ್ಲಿ, ಅದೇ ಹಸುವಿನ ಕಣ್ಣೆದುರು, ಹುಲಿಯಾಗಿಯೇ ಬಾಳಬೇಕಾಗಿತ್ತು. ಕಷ್ಟದ ಕೆಲಸ ಅದು. ಒಮ್ಮೆ ತರಗತಿಯಲ್ಲಿ ಹೀಗೆ ಹೇಳಿದಾಗ ಒಬ್ಬ ಹುಡುಗಿ ಎದ್ದು, "ಹುಲಿ ಬದುಕಿದ್ದರೆ ಹಾಡು ಮುಗಿಯುತ್ತಿರಲಿಲ್ಲ ಸಾರ್" ಎಂದಳು. ತರಗತಿ ನಕ್ಕಿತು, ಆ ಸಲ ನಾನೂ ಜೊತೆಗೆ ನಕ್ಕೆ. ಅವಳು ಹೇಳಿದ್ದು ನಿಜ. ಬದುಕಿದವರ ಹಾಡು ಮುಗಿಯುವುದಿಲ್ಲ.

ಕ್ಷಮೆ ಕೇಳಬೇಕಾದವರೇ ಇಲ್ಲದೆ ಹೋದರೆ ಏನು ಮಾಡುವುದೆಂದು ನಿಮ್ಮಲ್ಲಿ ಕೆಲವರಾದರೂ ಮನಸ್ಸಿನಲ್ಲಿ ಕೇಳುತ್ತಿರಬಹುದು. ಅಂಥ ಸಾಲಗಳು ನನಗೂ ಇವೆ. ಮುಖ್ಯವಾಗಿ ನನ್ನ ತಾಯಿಯ ಹತ್ತಿರ. ಅವರ ಕೊನೆಯ ಕಾಯಿಲೆಯಲ್ಲಿ ನಾನು ಮೌಲ್ಯಮಾಪನದ ಕೆಲಸಕ್ಕೆ ಹೋಗಿದ್ದೆ. ಅದಕ್ಕೆ ಅಳತೆ ಹೇಳುವವರು ಈಗ ಯಾರೂ ಇಲ್ಲ. ಆ ಹುಡುಗನ ಪ್ರಬಂಧ ಹೇಳುವಂತೆ, ಸತ್ತವರನ್ನು ಮನ್ನಿಸುವುದು ಸುಲಭ. ಸತ್ತವರಿಂದ ಮನ್ನಣೆ ಪಡೆಯುವ ದಾರಿ ಮಾತ್ರ ನನಗೆ ಕಂಡಿಲ್ಲ. ಹಾಗಿದ್ದ ಮೇಲೆ, ಬದುಕಿರುವವರ ಹತ್ತಿರ ಬಸ್ಸು ಹತ್ತಿಯಾದರೂ ಹೋಗಬೇಕಿತ್ತಲ್ಲ ಎಂಬುದೇ ಮತ್ತೆ ಮತ್ತೆ ಮನಸ್ಸಿಗೆ ಬರುತ್ತದೆ.

ಆ ದಿನ ಅವನ ಮನೆಯಲ್ಲಿ ಊಟ ಮಾಡಿದೆ. ರಾಗಿಮುದ್ದೆ, ಅವರೆಕಾಳಿನ ಸಾರು. ಪ್ರಬಂಧ ನನ್ನ ಹತ್ತಿರವೇ ಇದೆ, ಅಂಚೆಯಲ್ಲಿ ಕಳುಹಿಸಲೆ ಎಂದು ಕೇಳಿದೆ. "ಇರಲಿ ಸಾರ್, ನಿಮ್ಮ ಹತ್ತಿರವೇ ಇರಲಿ" ಎಂದ. ಹಾಗೆಂದರೆ ಏನು ಅರ್ಥವೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಎರಡು ವರ್ಷದ ಮೇಲೆ ಒಂದು ದಿನ ಅವನಿಂದ ಫೋನು ಬಂತು. ಪಿ.ಯು.ಸಿ. ಓದುತ್ತಿದ್ದ ಮಗಳು ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನೋ ಬರೆದಿದ್ದಾಳೆ, ಸಾರ್ ಒಮ್ಮೆ ನೋಡಿಕೊಡಬೇಕು ಎಂದ. ಈ ಸಲ ನಾನೇ ಬಸ್ಸು ಹತ್ತಿ ಹೋದೆ. ಹುಡುಗಿ ಹಾಳೆಗಳನ್ನು ಕೈಗೆ ಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು. ಅವಳ ತಂದೆ ಅಂಗಡಿಗೆ ಹೋಗದೆ ಅಲ್ಲಿಯೇ ಕುಳಿತಿದ್ದ. ನಾಲ್ಕು ಪುಟವಿತ್ತು. ಎರಡು ಸಲ ಓದಿದೆ. ಮೂರು ಕಡೆ ಕಾಗುಣಿತ ತಪ್ಪಿತ್ತು. ಕೆಂಪು ಶಾಯಿಯ ಪೆನ್ನು ಜೇಬಿನಲ್ಲಿತ್ತು; ಅದನ್ನು ತೆಗೆಯದೆ, ಅವಳ ಪೆನ್ಸಿಲನ್ನೇ ಕೇಳಿ ಇಸಕೊಂಡು, ಆ ಮೂರು ಕಡೆ ಸಣ್ಣಗೆ ಗುರುತು ಮಾಡಿ ಕೊಟ್ಟೆ.